ಅತ್ತೆ ಇಟ್ಟ ಚುಕ್ಕಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವಳು ನಾನು. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಅತ್ತೆಯ ಮನೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೆ. ಲಕ್ಷಾಂತರ ನಕ್ಷತ್ರಗಳು ಉಂಡೆಯಂತೆ ಒತ್ತಾಗಿರುವ ಒಂದು ಗುಚ್ಛ. ಅದರೊಳಗಿಂದ ತೀರ ಕ್ಷೀಣವಾಗಿ ಎಕ್ಸ್-ರೇ ಬರುವ ಜಾಗಗಳನ್ನು ಹುಡುಕುವುದು ನನ್ನ ಕೆಲಸ. ಹೊರದೇಶದ ಉಪಗ್ರಹ ಹಿಡಿದದ್ದನ್ನು ನಮ್ಮ ಕಂಪ್ಯೂಟರು ಅಗಲವಾದ ಹಾಳೆಯ ಮೇಲೆ ಚುಕ್ಕಿಗಳಾಗಿ ಅಚ್ಚು ಹಾಕುತ್ತಿತ್ತು. ಸಿಕ್ಕ ಕೆಲವು ಚುಕ್ಕಿಗಳೂ ಗುಚ್ಛದ ಆಚೆಯವು. "ಗುಚ್ಛದ್ದೇ ಅನ್ನೋದು ಒಂದಾದ್ರೂ ಸಿಗ್ಲಿಲ್ಲ ಅಂದ್ರೆ ಈ ವಿಷಯ ಬಿಡ್ಬೇಕಾಗುತ್ತಮ್ಮ" ಎಂದಿದ್ದರು ಗೈಡು. ಅಷ್ಟು ವರ್ಷದ ದುಡಿಮೆ ನೀರಲ್ಲಿ ಹೋಮವಾಗುತ್ತಿತ್ತು.

ಒಂದು ಬೆಳಿಗ್ಗೆ ಬಸ್ಸಿಗೆಂದು ಬಾಗಿಲು ತೆರೆದರೆ, ನನ್ನ ಹಾಳೆ ಪೂರ್ತಿ ಹೊಸಿಲಾಚೆ ನೆಲದ ಮೇಲೆ ರಂಗೋಲಿಪುಡಿಯಲ್ಲಿ ಬಿದ್ದಿದೆ! ಮೇಜಿನ ಮೇಲಿದ್ದದ್ದನ್ನು ಅತ್ತೆ, ನಾನು ತಮಗಾಗಿ ತಂದ ಚುಕ್ಕಿ ರಂಗೋಲಿ ಎಂದುಕೊಂಡಿದ್ದರು.

"ಎಂಥ ರಂಗೋಲಿ ತಂದಿದೀಯೇ! ಸಾಲಿಗೆ ಸಾಲೇ ಸೇರಲ್ಲ, ಗೆರೆ ಎಳೆಯಕ್ಕೇ ಆಗ್ಲಿಲ್ಲ."

ನಗುತ್ತಲೇ ಹಾಳೆ ತಂದು ಹೋಲಿಸಿದೆ. ಎಲ್ಲವೂ ಸರಿಯಾಗಿತ್ತು. ನಡುವಿನಿಂದ ತುಸು ಎಡಕ್ಕೆ ಮಾತ್ರ ಒಂದು ಚುಕ್ಕಿ ಹೆಚ್ಚಿತ್ತು.

"ಇದು ಹಾಳೇಲಿ ಇಲ್ವಲ್ಲ ಅತ್ತೆ."

"ಇಲ್ದೇ ಇರೋ ಚುಕ್ಕಿ ನಾನ್ಯಾಕೆ ಇಡ್ಲಿ? ನೋಡೇ ಇಟ್ಟಿದ್ದು ಕಣೇ" ಎಂದು ಮುಖ ಊದಿಸಿಕೊಂಡರು. ನನ್ನ ಗಂಡ ಹಲ್ಲುಜ್ಜುತ್ತ ಬಂದು, "ಥೀಸಿಸ್ಸಲ್ಲಿ ಅಮ್ಮನ ಹೆಸರೂ ಹಾಕು" ಎಂದು ರೇಗಿಸಿದರು.

ಕೆಲವು ತಿಂಗಳ ಮೇಲೆ, ಉಪಗ್ರಹ ಅದೇ ಗುಚ್ಛವನ್ನು ಹೆಚ್ಚು ಹೊತ್ತು ನೋಡಿ ಹಿಡಿದ ಮಾಹಿತಿಯ ಇನ್ನೊಂದು ಟೇಪು ಬಂತು. ಹೊಸದೇನೂ ಕಾಣಲಿಲ್ಲ. ಗೈಡು ಹಾಳೆ ಮಡಿಚಿಟ್ಟು ಎದ್ದುಹೋದರು. ನನಗೆ ಅಳುವೇ ಬಂತು. ಇನ್ನು ಕಳೆದುಕೊಳ್ಳುವುದೇನಿದೆ ಎಂದು, ಅತ್ತೆ ಚುಕ್ಕಿ ಇಟ್ಟ ಜಾಗವೊಂದನ್ನೇ ಬೇರೆ ತೆಗೆದು ಲೆಕ್ಕ ಹಾಕಿದೆ. ಅಲ್ಲಿತ್ತು. ಬಹಳ ಕ್ಷೀಣ, ಆದರೆ ಇತ್ತು. ಗೈಡು ಮತ್ತೆ ಮತ್ತೆ ಲೆಕ್ಕ ಮಾಡಿಸಿ, ಅದು ಗುಚ್ಛದ್ದೇ ಎಂದು ಕೊನೆಗೆ ಒಪ್ಪಿದರು.

ಹಳೆಯ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಆ ಜಾಗ ಖಾಲಿ. ಕಾಕತಾಳೀಯ ಎಂದುಕೊಂಡರೂ ಮನಸ್ಸು ಒಪ್ಪುವುದಿಲ್ಲ. ವೈವಾದಲ್ಲಿ ಪರೀಕ್ಷಕರು, "ಅಷ್ಟು ದೊಡ್ಡ ಹಾಳೇಲಿ ಅಲ್ಲೇ ಯಾಕೆ ಹುಡುಕಿದ್ರಿ?" ಎಂದು ಕೇಳಿದರು. "ಸುಮ್ನೆ, ಸಾರ್" ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ನನ್ನಲ್ಲಿಲ್ಲ.

ಪಾಸಾಗಿ ಬಂದ ದಿನ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಅವತ್ತೇ ಹೇಳಿದ್ನಲ್ಲೇ, ನೋಡೇ ಇಟ್ಟಿದ್ದು ಅಂತ" ಎಂದು, ಕಾಫಿಗೆ ನೀರಿಡಲು ಒಳಗೆ ಹೋದರು.