ಇಸ್ತ್ರಿಯಣ್ಣನ ಹೆಬ್ಬೆರಳು

ತಿಂಗಳ ಇಪ್ಪತ್ತಕ್ಕೇ ಕೈಸಾಲ ಕೇಳುವ ನಾನು ಊರವರಿಗೆಲ್ಲ ಮುಪ್ಪಿನ ಉಳಿತಾಯದ ಪಾಠ ಹೇಳುತ್ತಿದ್ದೆ. ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಟವೆಲ್ ಮಡಚುವವನು ನಾನು. ಹೊರದೇಶದಿಂದ ಬಂದ ನಮ್ಮಲ್ಲಿ ಅರ್ಜಿ ಓದಿ ಅರ್ಥ ಹೇಳಬಲ್ಲವನು ನಾನೊಬ್ಬನೇ ಆದ್ದರಿಂದ ಪಂಡಿತ ಎಂಬ ಬಿರುದು ಬಂತು. ಹಾಳೂರಿಗೆ ಉಳಿದವನೇ ಗೌಡ.

ನನ್ನ ಪಾಠ ನಂಬಿದವರು ಇಸ್ತ್ರಿಯಣ್ಣ. ಹತ್ತೊಂಬತ್ತು ವರ್ಷ ಅದೇ ಹಬೆಯ ಮುಂದೆ ನಿಂತವರು; ವೀಸಾ ಮಾತ್ರ ಎರಡೆರಡು ವರ್ಷದ್ದು. ಪಿಂಚಣಿ ನಿಧಿಗೆ ಎಲ್ಲರ ಸಂಬಳದಲ್ಲೂ ಕಡಿತವಿತ್ತು. ಅವರು ಅದರ ಮೇಲೆ ತಾವಾಗಿಯೇ ಇನ್ನಷ್ಟು ತುಂಬಿದರು. "ಮನೇಲಿದ್ರೆ ಖರ್ಚಾಗುತ್ತೆ ಅಣ್ಣ, ಅಲ್ಲಿದ್ರೆ ಬೆಳೆಯುತ್ತೆ" ಎಂದವನು ನಾನೇ. ಅವರ ಹೆಂಡತಿ ಸೈಟು ಕೊಳ್ಳೋಣ ಎಂದಾಗಲೂ, "ಪಂಡಿತ ಬೇಡ ಅಂತಾನೆ ಕಣೇ" ಎಂದು ಫೋನಿನಲ್ಲೇ ಬಾಯಿ ಮುಚ್ಚಿಸಿದ್ದರು.

ಈ ಸಲ ವೀಸಾ ನವೀಕರಣವಾಗಲಿಲ್ಲ. ವಯಸ್ಸು ಐವತ್ತೆಂಟಾಯಿತು, ಮೂವತ್ತು ದಿನದಲ್ಲಿ ಹೊರಡಿ ಎಂದು ಚೀಟಿ ಬಂತು. ನಿಧಿಯ ಹಣ ಬೇಕಿದ್ದರೆ ದೇಶ ಬಿಡುವ ಮುಂಚೆ ಕಚೇರಿಗೆ ಹೋಗಿ, ಕೆಲಸಕ್ಕೆ ಸೇರಿದಾಗ ಕೊಟ್ಟ ಬೆರಳಚ್ಚು ಮತ್ತೆ ಕೊಡಬೇಕು. ಹೊಂದದಿದ್ದರೆ ಹಣ ಎಪ್ಪತ್ತು ವಯಸ್ಸಾಗುವವರೆಗೆ ಅಲ್ಲೇ.

ಇಬ್ಬರೂ ಕಚೇರಿಗೆ ಹೋದೆವು. ಇಸ್ತ್ರಿಯಣ್ಣ ಯಂತ್ರದ ಮೇಲೆ ಹೆಬ್ಬೆರಳಿಟ್ಟರು. ಕೆಂಪು ದೀಪ. ಪ್ಯಾಂಟಿಗೆ ಉಜ್ಜಿ ಇಟ್ಟರು. ಮತ್ತೆ ಕೆಂಪು. ಬಿಸಿಗೂ ಗಂಜಿಗೂ ಸವೆದು ಆ ಬೆರಳು ಅಂಗಿಗುಂಡಿಯಷ್ಟು ನುಣುಪಾಗಿತ್ತು.

"ಎರಡು ವಾರ ಕೈಗೆ ಬಿಸಿ ತಾಗಿಸಬೇಡಿ, ಗೆರೆ ಮೂಡಿದರೂ ಮೂಡಬಹುದು" ಎಂದಳು ಗಾಜಿನ ಹಿಂದಿದ್ದ ಹೆಂಗಸು. ಕೆಲಸ ಬಿಟ್ಟರೆ ಉಳಿದ ದಿನಗಳ ವೀಸಾವೂ ಅಂದೇ ರದ್ದು. ಕೆಲಸ ಮಾಡಿದರೆ ಗೆರೆ ಬಾರದು.

ಅದಕ್ಕೇ ಜಾಗ ಬದಲಿಸಿದೆವು. ಅವರು ಟವೆಲಿಗೆ, ನಾನು ಇಸ್ತ್ರಿಗೆ. ಮೆಟ್ಟಿಲ ಮೇಲೆ ಮೇಲ್ವಿಚಾರಕನ ಬೂಟು ಕೇಳಿಸಿದರೆ ಇಬ್ಬರೂ ಇಲಿಗಳ ಹಾಗೆ ನಮ್ಮ ನಮ್ಮ ಜಾಗಕ್ಕೆ ಓಡುತ್ತಿದ್ದೆವು. ಸಿಕ್ಕಿಬಿದ್ದರೆ ಇಬ್ಬರಿಗೂ ಮನೆದಾರಿ.

"ಅದು ಅಂಗಿ ಕಣಪ್ಪ, ಚಪ್ಪಡಿ ಕಲ್ಲಲ್ಲ. ಮೆತ್ತಗೆ!"

"ಕೈ ಸುಡ್ತಾ ಇದೆ ಅಣ್ಣ."

"ಹತ್ತೊಂಬತ್ತು ವರ್ಷ ತಾಳ್ಕೊ, ಆಮೇಲೆ ಗೊತ್ತಾಗಲ್ಲ."

ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹೆಬ್ಬೆರಳು ಹಿಡಿದು ಕೇಳುತ್ತಿದ್ದರು, "ಗೆರೆ ಕಾಣುತ್ತಾ?"

"ಕಾಣುತ್ತೆ" ಎನ್ನುತ್ತಿದ್ದೆ. ನನಗೇನೂ ಕಾಣುತ್ತಿರಲಿಲ್ಲ.

ಹೊರಡಲು ಎರಡು ದಿನವಿದ್ದಾಗ ಮತ್ತೆ ಹೋದೆವು. ಹೆಬ್ಬೆರಳು, ಕೆಂಪು. ಇಸ್ತ್ರಿಯಣ್ಣನ ಮುಖ ಒಗೆದ ಬಟ್ಟೆಯ ಬಣ್ಣಕ್ಕೆ ತಿರುಗಿತು. "ಮನೇಲಿ ಹೆಂಡತಿಗೆ ಏನು ಹೇಳಲಿ?" ಎಂದು ಯಂತ್ರವನ್ನೇ ಕೇಳಿದರು.

"ಸೇರಿದಾಗ ಹತ್ತೂ ಬೆರಳು ಕೊಟ್ಟಿರ್ತೀರಲ್ಲ? ಒಂದೊಂದೇ ಇಡಿ" ಎಂದಳು ಹೆಂಗಸು. ಇದನ್ನು ಮೊದಲ ದಿನವೇ ಕೇಳಬೇಕೆಂದು ಪಂಡಿತನಿಗೆ ಹೊಳೆದಿರಲಿಲ್ಲ. ಬಲಗೈ ಐದೂ ಕೆಂಪು. ಎಡಗೈ ನಾಲ್ಕು ಕೆಂಪು. ಕೊನೆಗೆ ಎಡ ಕಿರುಬೆರಳು, ಬಟ್ಟೆ ಎಳೆಯುವಾಗಲೂ ದೊಡ್ಡ ಮನುಷ್ಯನ ಹಾಗೆ ದೂರವೇ ನಿಲ್ಲುವ ಬೆರಳು. ಹಸಿರು.

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ರಸೀದಿ ಬಂತು: ದೇಶ ಬಿಟ್ಟ ತೊಂಬತ್ತು ದಿನಕ್ಕೆ ಹಣ ಜಮೆಯಾಗುತ್ತದೆ; ಬಾರದಿದ್ದರೆ ವಿಚಾರಿಸಲು ಕಚೇರಿಗೇ ಬರಬೇಕು.

ಹೊರಗೆ ಬಸ್ಸಿಗೆ ನಿಂತಾಗ ಅವರು ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದರು, ಯಾರೋ ಕಿತ್ತುಕೊಂಡಾರು ಎನ್ನುವ ಹಾಗೆ.

"ತೊಂಬತ್ತು ದಿನ ಆದ್ರೂ ಬರಲಿಲ್ಲ ಅನ್ಕೋ. ಯಾರು ಹೋಗಿ ಕೇಳ್ತಾರೆ?"

"ನಾನಿದೀನಲ್ಲ ಅಣ್ಣ."

"ನಿನ್ನ ವೀಸಾ ಎಷ್ಟು ದಿನ ಇದೆ?"

ಬೆರಳು ಮಡಿಸಿ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ.

"ಎಂಬತ್ತೊಂದು."