ಮನೆ ಹೊತ್ತ ಲಾರಿಯ ಟೈರು

ಮದುವೆಯಾದ ಮೊದಲ ವರ್ಷ ನಾನು ಗಂಡನ ಮುಖ ಸರಿಯಾಗಿ ನೋಡಿದ್ದು ಮಳೆಗಾಲದಲ್ಲಿ ಮಾತ್ರ. ನಮ್ಮವರದು ಟೂರಿಂಗ್ ಟಾಕೀಸ್. ಮಳೆ ನಿಂತಿತೆಂದರೆ ಟೆಂಟು, ಮಿಷನ್ನು, ಜನರೇಟರು ಎಲ್ಲವನ್ನೂ ಬಾಡಿಗೆ ಲಾರಿಗೆ ಹೇರಿಕೊಂಡು ಹೊರಟುಬಿಡುವರು. ಮತ್ತೆ ಮಳೆ ಹಿಡಿಯುವವರೆಗೆ ಊರೂರು ಸುತ್ತಾಟ. ಶಿವಮೊಗ್ಗದ ಹೊಸಮನೆಯ ಎರಡು ಕೋಣೆಯಲ್ಲಿ ನಾನು, ನಮ್ಮತ್ತೆ. ಅತ್ತೆ ಮಾತಾಡುವವರಲ್ಲ, ನಾನು ಸುಮ್ಮನಿರುವವಳಲ್ಲ. ಎರಡನೆಯ ಮಳೆಗಾಲದಲ್ಲಿ ಹೇಳಿಯೇಬಿಟ್ಟೆ: "ಈ ಸಲ ನಾನೂ ಬರ್ತೀನಿ. ಇಲ್ಲಾಂದ್ರೆ ತವರಿಗೆ ಹೋಗ್ತೀನಿ. ಯಾವುದು ಅಂತ ನೀವೇ ಹೇಳಿ." ಬರೀ ಬೆದರಿಕೆಯಲ್ಲ, ಹೋಗುವವಳೇ ಇದ್ದೆ.

ಪಾಪ, ಒಪ್ಪಿದರು. ಹಳೆಯ ಮಿಲಿಟರಿ ಲಾರಿಯೊಂದನ್ನು ಕೊಂಡು, ಬಡಗಿಯ ಕೈಲಿ ಅದರ ಮೇಲೆ ಮರದ ಗೂಡು ಕಟ್ಟಿಸಿದರು. ಮುಂದಿನ ಅರ್ಧದಲ್ಲಿ ಮಡಚುವ ಮಂಚ, ಸ್ಟವ್ ಇಡಲು ಹಲಗೆ, ಕಿಟಕಿಗೆ ಪರದೆ. ಹಿಂದಿನ ಅರ್ಧ ಟಾಕೀಸಿನದು. ಅತ್ತೆಯೊಬ್ಬರನ್ನೇ ಬಿಟ್ಟುಹೋಗುವುದು ಹೇಗೆ? ಅವರೂ ಹೊರಟರು. ಅವರ ಹಿಂದೆ ದೇವರ ಪೆಟ್ಟಿಗೆ, ಒರಳುಕಲ್ಲು, ಅಕ್ಕಿ ರಾಗಿ ಮೂಟೆ, ಮಡಿನೀರಿನ ಡ್ರಮ್ಮು ಎಲ್ಲವೂ ಹೊರಟವು.

ಇನ್ನು ಟೈರು. ಲಾರಿಯ ಜೊತೆ ಬಂದವು ಬೋಳಾಗಿದ್ದವು. ಪೇಟೆಯ ಟೈರಂಗಡಿಯ ಸಾಹೇಬರು ಮೊದಲು ಕೇಳಿದ್ದೇ, "ಬೋಜಾ ಎಷ್ಟು?"

"ಹೆಚ್ಚೇನಿಲ್ಲ," ಎಂದರು ನಮ್ಮವರು.

"ಹೆಚ್ಚೇನಿಲ್ಲ ಅನ್ನೋ ಸೈಜಿನ ಟೈರು ನನ್ನ ಹತ್ರ ಇಲ್ಲ ಸ್ವಾಮಿ. ಹಗುರ ಇದ್ರೆ ಹಿಂದೆ ಈಗಿರೋ ಹಾಗೆ ಒಂದೊಂದೇ ಚಕ್ರ, ಕಡಿಮೆ ಪದರದ ಟೈರು ಸಾಕು. ಭಾರ ಇದ್ರೆ ಜೋಡಿ ಚಕ್ರಾನೇ ಆಗ್ಬೇಕು, ಟೈರೂ ದಪ್ಪ ಪದರದ್ದು. ತೂಗಿಸ್ಕೊಂಡು ಬನ್ನಿ."

ನಮ್ಮವರಿಗೆ ಜೋಡಿ ಚಕ್ರ ಬೇಡ. ಎಣ್ಣೆ ಕುಡಿಯುತ್ತೆ, ಹಳ್ಳಿ ದಾರಿಯಲ್ಲಿ ತಿರುಗಲ್ಲ ಎಂದು ಅವರ ವಾದ. ಸಾಮಾನೆಲ್ಲ ಹೇರಿಕೊಂಡು ತೂಗಿಸಲು ಭದ್ರಾವತಿಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ಮಾತು: "ತೂಕ ಜಾಸ್ತಿ ಬಂದ್ರೆ ಮನೆ ಸಾಮಾನು ಇಳಿಸ್ಬೇಕಾಗುತ್ತೆ, ನೋಡು." ಆ ಸಾಮಾನಿನಲ್ಲಿ ನಾನೂ ಒಂದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಭದ್ರಾವತಿಯಲ್ಲಿ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿಗೆ ಇನ್ನೇನು ಗಾಡಿ ಹತ್ತಬೇಕು, ಅತ್ತೆ "ನಿಲ್ಸೋ!" ಎಂದು ಕೂಗಿದರು. "ಮನುಷ್ಯರನ್ನ ತೂಗೋದು ಹರಕೆ ಹೊತ್ತಾಗ, ದೇವರ ಮುಂದೆ, ಇನ್ನೊಂದು ತಟ್ಟೇಲಿ ಬೆಲ್ಲ ಇಟ್ಟು. ಸುಮ್ಸುಮ್ನೆ ಕಬ್ಬಿನ ಥರ ತೂಗಿಸ್ಕೊಂಡ್ರೆ ಆಯಸ್ಸು ಕರಗುತ್ತೆ." ದೇವರ ಪೆಟ್ಟಿಗೆಯೊಂದಿಗೆ ತಾವೂ ಇಳಿದು ನನ್ನನ್ನೂ ಇಳಿಸಿಕೊಂಡರು. ಒರಳು ಲಕ್ಷ್ಮಿ, ಅದೂ ಇಳಿಯಿತು. ಎಡೆಗೆ ಬಳಸುವ ಅಕ್ಕಿ, ಮಡಿನೀರು, ಅವೂ ಇಳಿದವು. ನಮ್ಮವರು ತಾಯಿಯ ಮಾತನ್ನು ಅಷ್ಟು ಚುರುಕಾಗಿ ಪಾಲಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

"ಚಕ್ರಾನೂ ಇಳಿಸಿಬಿಡಿ ಸ್ವಾಮಿ, ಇನ್ನೂ ಹಗುರ ಆಗುತ್ತೆ," ಎಂದ ತೂಕದ ಗುಮಾಸ್ತ.

ತೂಕ ಕಡಿಮೆಯೇ ಬಂತು. ಒಂಟಿ ಚಕ್ರ, ತೆಳು ಟೈರು ಎಂದು ತೀರ್ಮಾನವಾಯಿತು.

ಮೊದಲ ಕ್ಯಾಂಪು ಭದ್ರಾವತಿಯ ಆಚೆಯ ಹಳ್ಳಿ. ಸಂಸಾರ ಸಮೇತ ಹೊರಟೆವು. ಮಲವಗೊಪ್ಪ ದಾಟುವುದರೊಳಗೆ ಹಿಂದಿನ ಟೈರು ಢಂ ಎಂದಿತು. ಲಾರಿ ವಾಲಿ ನಿಂತಿತು. ರಾಗಿ ಮೂಟೆ ನನ್ನ ಕಾಲ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ನಮ್ಮವರು ಸೀಳಿದ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಇದು ಆಗೋ ಹೋಗೋ ಮಾತಲ್ಲ. ಜನರೇಟರ್ ಇಳಿಸಿದ್ರೆ ಟಾಕೀಸೇ ಇಲ್ಲ. ನಿಮ್ಮಿಬ್ರನ್ನ ವಾಪಸ್ ಹೊಸಮನೆಗೆ ಬಿಟ್ಟುಬಿಡ್ತೀನಿ."

"ನಾನೇನು ಮೂಟೇನಾ, ಹೇರೋಕೆ ಇಳಿಸೋಕೆ?" ಎಂದೆ. ಅಳು ಬಂತು. ಅಳುತ್ತಿದ್ದೇನೆಂದು ಇನ್ನಷ್ಟು ಸಿಟ್ಟು ಬಂತು.

ಅತ್ತೆಗೆ ಇದೇ ಬೇಕಿತ್ತೇನೋ ಎಂದುಕೊಂಡಿದ್ದೆ. ಲಾರಿಯ ಸಂಸಾರಕ್ಕೆ ಅವರು ಬಾಯಿ ತುಂಬ ಒಪ್ಪಿದವರೇನಲ್ಲ. ಅವರು ಮಗನನ್ನು ಕೇಳಿದರು: "ಅವತ್ತು ತೂಗಿದ್ರಲ್ಲಿ ನಾವು ಯಾರೂ ಇರ್ಲಿಲ್ಲ, ಅಲ್ವೇನೋ?"

"ನೀನೇ ಅಲ್ವಾ ಅವ್ವಾ ಇಳಿದಿದ್ದು?"

"ನಾನೇನೋ ಇಳಿದೆ. ಟೈರು ತಗೊಳ್ವಾಗ ನಾವೂ ಇದೀವಿ ಅಂತ ನಿನಗೆ ನೆನಪಾಗ್ಲಿಲ್ವಾ?"

ನಮ್ಮವರು ಜಾಕು ತರಲು ಎದ್ದರು. "ಸ್ಟೆಪ್ನಿ ಹಾಕು. ಗಾಡಿ ತೂಕದ ಹತ್ರ ಹೊಡಿ," ಎಂದರು ಅತ್ತೆ.

ಆಮೆ ನಡಿಗೆಯಲ್ಲಿ ಭದ್ರಾವತಿ ಮುಟ್ಟಿದೆವು. ಈ ಸಲ ಅತ್ತೆ ಇಳಿಯಲಿಲ್ಲ. ನಾನು ಏಳಹೋದರೆ ಸೆರಗು ಹಿಡಿದು ಕೂರಿಸಿದರು.

"ಅವ್ವಾ, ಆಯಸ್ಸು ಗೀಯಸ್ಸು ಅಂತಿದ್ಯಲ್ಲ..." ಎಂದರು ನಮ್ಮವರು.

"ಹರಕೆ ಹೊತ್ಕೊಂಡಿದೀನಿ. ಸುಮ್ನೆ ಹತ್ಸು."

ತೂಕ ನೋಡಿ ಗುಮಾಸ್ತ "ಅಯ್ಯಯ್ಯೋ!" ಎಂದ. ಶಿವಮೊಗ್ಗಕ್ಕೆ ತಿರುಗಿದೆವು. ಸಾಹೇಬರು ಉಳಿದ ತೆಳು ಟೈರುಗಳನ್ನು ವಾಪಸ್ ಹಿಡಿದು, ಹಿಂದೆ ಜೋಡಿ ಚಕ್ರ ಕೂರಿಸಿ, ದಪ್ಪ ಪದರದ ಟೈರು ಹಾಕಿಕೊಟ್ಟರು. ಲಾರಿಗೆ ಮೊದಲಿನ ಓಟ ಬರಲಿಲ್ಲ. ಎಣ್ಣೆಯನ್ನಂತೂ ಎಮ್ಮೆ ಕಲಗಚ್ಚು ಕುಡಿದ ಹಾಗೆ ಕುಡಿಯಿತು. ನಮ್ಮವರು ಗೊಣಗಿದರು, ಗೊಣಗಲಿ ಎಂದು ಬಿಟ್ಟೆ.

ಏನು ಹರಕೆ ಎಂದು ಅತ್ತೆಯನ್ನು ಎಷ್ಟು ಕೆಣಕಿದರೂ ಬಾಯಿ ಬಿಡಲಿಲ್ಲ. ಕುಂಸಿಯಲ್ಲಿ ಟೆಂಟು ಹಾಕಿದ್ದಾಗ ಒಂದು ಮಧ್ಯಾಹ್ನ ಇಬ್ಬರೂ ಲಾರಿಯ ನೆರಳಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ನಾನು ಕೇಳಿರಲೂ ಇಲ್ಲ, ಅವರಾಗಿಯೇ ಹೇಳಿದರು.

"ನೀನು ಗಂಡನ ಜೊತೇಲೇ ಇರೋ ಹಾಗೆ ಆಗ್ಲಿ ಅಂತ ಹೊತ್ತೆ. ನಿಮ್ಮಾವನೋರೂ ಹೀಗೇ, ವ್ಯಾಪಾರ ಅಂತ ಊರೂರು ತಿರುಗೋರು. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಬಾಗಿಲು ನೋಡ್ಕೊಂಡೇ ನಾನು ಮುದುಕಿ ಆದೆ. ಅವರು ಹೋದ ಸುದ್ದೀನೂ ಯಾರೋ ಬಂದು ಹೇಳಿದ್ದು ಕಣೇ, ಮಣ್ಣು ಮಾಡಿ ಆದ್ಮೇಲೆ."