ನಾಲ್ಕನೆಯ ಎಲೆ

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೇ ನಗುತ್ತಿದ್ದೆ. ಅಂಕೋಲೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತ, ಸಂಜೆ ಹೊತ್ತು ರೋಚಕ ಕಾದಂಬರಿ ಬರೆಯುತ್ತಿದ್ದವನು ನಾನು. ಸತ್ತವರನ್ನು ಎಬ್ಬಿಸಿ ಓಡಾಡಿಸುವುದು ನನಗೆ ದಿನದ ಕೆಲಸ. ಯಾವ ಪುಟದಲ್ಲಿ ಬಾಗಿಲು ಬಡಿಯಬೇಕು, ಯಾವ ಪುಟದಲ್ಲಿ ನಾಯಿ ಊಳಿಡಬೇಕು ಎಂದು ಮೊದಲೇ ಚೀಟಿ ಬರೆದಿಟ್ಟುಕೊಳ್ಳುತ್ತಿದ್ದೆ. ಇಂಥವನು ದೆವ್ವವನ್ನು ನಂಬುವುದುಂಟೇ?

ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ಕಾರವಾರದ ಬಳಿಯ ಹಣಕೋಣದಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನನ್ನದೊಂದು ತಪ್ಪಿದೆ, ಅದನ್ನೂ ಹೇಳಲೇಬೇಕು.

ಆರೇಳು ವರ್ಷಗಳ ಹಿಂದೆ ನಾನೊಂದು ಮಿಲಿಟರಿ ಕಾದಂಬರಿಗೆ ಕೈ ಹಾಕಿದ್ದೆ. ದೂರದಿಂದ ಗುರಿಯಿಟ್ಟು ಹೊಡೆಯುವ ಸ್ನೈಪರ್ ಒಬ್ಬ ಯುದ್ಧ ಮುಗಿಸಿ ಊರಿಗೆ ಬರುತ್ತಾನೆ. ಅವನು ಕೊಂದ ಶತ್ರುಗಳು ಒಬ್ಬೊಬ್ಬರಾಗಿ ಅವನನ್ನು ಹುಡುಕಿಕೊಂಡು ಬರುತ್ತಾರೆ. ಕಥೆಯೇನೋ ತಲೆಯಲ್ಲಿತ್ತು, ಆದರೆ ಬಂದೂಕನ್ನು ನಾನು ಹತ್ತಿರದಿಂದ ನೋಡಿದವನೂ ಅಲ್ಲ. ಆಗ ಗೆಳೆಯನೊಬ್ಬ ಹಣಕೋಣದ ದತ್ತಾ ಕಾಕಾ ಅವರ ಹೆಸರು ಹೇಳಿದ. ಎಪ್ಪತ್ತು ದಾಟಿದ ನಿವೃತ್ತ ಹವಾಲ್ದಾರರು. ಗಡಿಯ ಗುಡ್ಡಗಳಲ್ಲಿ ಅದೇ ಕೆಲಸ ಮಾಡಿದವರು.

ಐದಾರು ಭಾನುವಾರ ಹೋಗಿ ಅವರ ಜಗಲಿಯಲ್ಲಿ ಕೂತೆ. ಎತ್ತರದ, ಒಣಕಲು ಮನುಷ್ಯ. ಗದ್ದೆಯಿಂದ ಬಂದು ಕಾಲು ತೊಳೆದು ಮಾತಿಗೆ ಕೂರುತ್ತಿದ್ದರು. ಹೆಂಡತಿ ತೀರಿಹೋಗಿದ್ದರು. ಮಗ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಸೊಸೆ ಸವಿತಾ ಹಿಲ್ಲೂರು ಕಡೆಯವಳು, ಬಾಯಿತುಂಬ ಮಾತಾಡಿಸುವ ಹೆಣ್ಣುಮಗಳು. ನನಗೆ ಚಹಾ, ಕಾಕಾ ಅವರಿಗೆ ಗಂಜಿ ತಿಳಿ ತಂದಿಡುತ್ತಿದ್ದಳು. ಅವರು ಚಹಾ ಮುಟ್ಟುತ್ತಿರಲಿಲ್ಲ. ಹೊಟ್ಟೆಯ ತೊಂದರೆ ಇರಬೇಕು ಅಂದುಕೊಂಡಿದ್ದೆ.

ಗಾಳಿ ನೋಡುವುದು ಹೇಗೆ, ಉಸಿರು ಹಿಡಿಯುವುದು ಯಾವಾಗ, ಎಲ್ಲ ಹೇಳಿದರು. ಕೊನೆಯ ಭಾನುವಾರ ಮಾತ್ರ, ನಾನು ಕೇಳದೆಯೇ ಬೇರೆಯದೊಂದು ಹೇಳಿದರು. ಮಹಾಲಯ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರಿಗೆ ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಸತ್ತವರು ಉಂಡಾಯಿತು ಅನ್ನುವಷ್ಟು ಹೊತ್ತು ಬಿಟ್ಟು, ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆಗೆಯುತ್ತಾರೆ. ಎಲೆ ಹಾಕಿದವನೇ ಆ ಎಲೆಯದನ್ನು ಆಮೇಲೆ ಉಣ್ಣಬೇಕು. ಕಾಕಾ ಪ್ರತಿ ವರ್ಷ ಅಪ್ಪ ಅಜ್ಜಂದಿರ ಎಲೆಗಳ ಜೊತೆಗೆ, ಆಚೆ ಮೂಲೆಯಲ್ಲಿ ಇನ್ನೂ ಮೂರು ಎಲೆ ಹಾಕುತ್ತಿದ್ದರಂತೆ. ಅವರು ಹೊಡೆದ ಮೂವರಿಗೆ.

“ಅವ್ರಲ್ಲಿ ಸತ್ತವ್ರಿಗೆ ಎಂತಾ ಮಾಡ್ತಾರೋ ನಂಗೆ ಗೊತ್ತಿಲ್ಲ ಮಾಸ್ತರ್ರೇ. ನಂಗೆ ಗೊತ್ತಿದ್ದದ್ದು ಎಲೆ ಹಾಕೂದು. ಹಾಕ್ತೆ” ಅಂದರು. ಆಮೇಲೆ ನನ್ನ ಕೈಯ ಟಿಪ್ಪಣಿ ಪುಸ್ತಕ ನೋಡಿ, “ಬಂದೂಕಿಂದು ಬೇಕಾದಷ್ಟು ಬರೀರಿ. ಈ ಎಲೆದು ಮಾತ್ರ ಬೇಡ” ಅಂದರು.

ಆಯಿತು ಕಾಕಾ ಅಂದೆ. ಆ ಮಾತು ಬಾಯಿಂದ ಬರುವಾಗಲೇ, ಅಯ್ಯೋ ಎಂಥಾ ಸನ್ನಿವೇಶ ಕೈಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ನಾಚಿಕೆಗೆಟ್ಟವನು.

ಬರೆದೆ. ಬರೆಯುವಾಗ ಒಂದು ಧೈರ್ಯವಿತ್ತು. ಕಾಕಾ ಕಲಿತದ್ದು ಮರಾಠಿ ಶಾಲೆಯಲ್ಲಿ, ಮನೆಯಲ್ಲಿ ಕೊಂಕಣಿ, ಮಿಲಿಟರಿಯಲ್ಲಿ ಹಿಂದಿ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು? ಚಹಾ ತಂದುಕೊಡುತ್ತಿದ್ದ ಸೊಸೆ ಹಿಲ್ಲೂರಿನ ಕನ್ನಡ ಶಾಲೆಯವಳು ಎಂಬುದು ನನ್ನ ಬುದ್ಧಿವಂತ ತಲೆಗೆ ಹೊಳೆಯಲೇ ಇಲ್ಲ.

ಪುಸ್ತಕ ಅಚ್ಚು ಹಾಕುವವರು ಹಸ್ತಪ್ರತಿ ನೋಡಿ, ಈ ಮೂರು ಪ್ರೇತಗಳು ಬಹಳ ಸಾಧು ಸ್ವಾಮಿ, ಎಲೆ ಹಾಕಿದರೆ ಸುಮ್ಮನಾಗಿಬಿಡುತ್ತವೆ, ಬಿಡದೆ ಕಾಡುವವನು ಒಬ್ಬ ಬೇಕು ಅಂದರು. ಹಾಗಾಗಿ ನಾಲ್ಕನೆಯವನನ್ನು ಹುಟ್ಟಿಸಿದೆ. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಒಂದೇ ಸಂಜೆಗೆ, ಒಂದು ಕಾಟೂ ಹೊಡೆಯದೆ ಬರೆದ ಅಧ್ಯಾಯ ಅದು. ನನ್ನ ಕಥಾನಾಯಕ ಹೊಡೆದ ನಾಲ್ಕನೆಯವನ ಕೈಯಲ್ಲಿ ಬಂದೂಕಿರುವುದಿಲ್ಲ. ಗೆಳೆಯರಿಗೆ ಚಹಾ ಒಯ್ಯುತ್ತಿರುತ್ತಾನೆ. ಕೈಯಲ್ಲೊಂದು ಕಿಟ್ಲಿ, ಅದರ ಮುಚ್ಚಳ ಬೀಳದ ಹಾಗೆ ಹಿಡಿಕೆಗೆ ಹಸಿರು ಬಟ್ಟೆಯ ಚೂರಿನಿಂದ ಕಟ್ಟಿರುತ್ತದೆ. ನಾಯಕ ಅವನಿಗೆ ಎಲೆ ಹಾಕುವುದಿಲ್ಲ. ಅದಕ್ಕೇ ಅವನು ಬೆನ್ನು ಬಿಡುವುದಿಲ್ಲ. ಓದಿದವರೆಲ್ಲ ಮೆಚ್ಚಿದ್ದು ಆ ಅಧ್ಯಾಯವನ್ನೇ.

ಪುಸ್ತಕ ಬಂದು ಒಂದೆರಡು ತಿಂಗಳಾಗಿರಬೇಕು. ಸವಿತಾ ಫೋನ್ ಮಾಡಿದಳು.

“ಮಾಸ್ತರ್ರೇ, ಮಾವ ನಿಮ್ಗೆ ಒಂದ್ಸಲ ಬಂದು ಹೋಗೂಕೆ ಹೇಳಿದ್ರು. ನಾಲ್ಕು ದಿವ್ಸಾಯ್ತು, ಸರಿ ಉಣ್ಣೂದಿಲ್ಲ. ಕಾರವಾರದ ಅಂಗಡೀಲಿ ಪುಸ್ತಕದ ಮೇಲೆ ನಿಮ್ಮ ಹೆಸರು ಕಂಡು ಖುಷೀಲಿ ತಂದೆ. ನಾನೇ ಓದಿ ಹೇಳ್ದೆ. ಹಿಂಗಾಗ್ತದೆ ಗೊತ್ತಿದ್ರೆ ಓದ್ತಿರ್ಲಿಲ್ಲ.”

ಕ್ಷಮೆ ಕೇಳುವ ಮಾತುಗಳನ್ನು ಬಸ್ಸಿನಲ್ಲಿ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಕಾಕಾ ಜಗಲಿಯಲ್ಲೇ ಇದ್ದರು, ನಾನು ಕೊನೆಯ ಸಲ ನೋಡಿದ್ದಕ್ಕಿಂತ ಹತ್ತು ವರ್ಷ ಮುದುಕರಾಗಿ ಕಂಡರು. ನಾನು ಬಾಯಿ ತೆರೆಯುವ ಮೊದಲೇ, “ಆ ಹಸ್ರು ಬಟ್ಟೆ ನಿಮ್ಗೆ ಯಾರು ಹೇಳಿದ್ದು?” ಅಂದರು.

“ಯಾರೂ ಹೇಳ್ಲಿಲ್ಲ ಕಾಕಾ. ಸುಮ್ನೆ ಬರ್ದದ್ದು.”

“ಸುಮ್ನೆ ಬರ್ದ್ರೆ ಬಣ್ಣ ಹೆಂಗೆ ಸರಿ ಆಗ್ತದೆ?”

ಸೊಸೆ ಒಳಗೆ ಹೋದಳೆಂದು ಖಾತ್ರಿ ಮಾಡಿಕೊಂಡು ಹೇಳಿದರು. “ಮೂರು ಅಂತ ಆಫೀಸರಿಗೆ ಹೇಳ್ದೆ. ಹೆಂಡ್ತಿಗೂ ಹೇಳ್ದೆ. ನಿಮ್ಗೂ ಹೇಳ್ದೆ. ಅವ ನಾಲ್ಕನೇದವ. ಕಿಟ್ಲಿ ತಕಂಡು ಮೇಲೆ ಹತ್ತತಾ ಇದ್ದ. ಕೈಯಲ್ಲಿ ಇದ್ದದ್ದು ಕಿಟ್ಲಿ ಅಂತ ನಂಗೆ ಸ್ಪಷ್ಟ ಕಾಣ್ತಿತ್ತು. ಆದ್ರೂ ಹೊಡ್ದೆ. ಅವ ಬಿದ್ಮೇಲೂ ಚಾ ಕೆಳಗೆ ಹರೀತಾ ಇತ್ತು, ಹೊಗೆ ಬರ್ತಿತ್ತು.”

ಅವನಿಗೇಕೆ ಎಲೆ ಹಾಕಲಿಲ್ಲ ಎಂದು ಕೇಳಿದ್ದು ನೆನಪಿದೆ.

“ನಾಲ್ಕು ಹಾಕಿದ್ರೆ, ನಾಲ್ಕನೇದು ಯಾರ್ದು ಅಂತ ಹೆಂಡ್ತಿ ಕೇಳ್ತಿದ್ಲಲ್ಲ? ಎಂತಾ ಹೇಳೂದು? ಇಷ್ಟು ವರ್ಷ ಉಪವಾಸ ಹಾಕ್ದೆ ಅವಂಗೆ. ನನ್ನಲ್ಲಿ ಸಿಕ್ಕಿಲ್ಲ ಅಂತ ನಿಮ್ಮಲ್ಲಿ ಬಂದ.”

ಮಾತು ತಪ್ಪಿದ್ದಕ್ಕೆ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರುವ ಮಹಾಲಯ ಅಮಾವಾಸ್ಯೆಗೆ ಬನ್ನಿ, ನಾಲ್ಕನೆಯ ಎಲೆ ನೀವೇ ಹಾಕಬೇಕು ಎಂದಷ್ಟೇ ಅಂದರು. ಕ್ಷಮಿಸಿ ಎಂಬ ಮಾತು ಬಾಯಲ್ಲೇ ಉಳಿಯಿತು, ಹಾಗೇ ಎದ್ದು ಬಂದೆ.

ಬಸ್ಸಿನಲ್ಲಿ ಕೂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಕಾ ಚಹಾ ಕುಡಿಯದ್ದನ್ನು ನಾನು ಗಮನಿಸಿದ್ದೆನಲ್ಲ, ಮನಸ್ಸು ಅದರಿಂದಲೇ ಕಿಟ್ಲಿ ಹೆಣೆದಿರಬೇಕು. ಆದರೆ ಹಸಿರು ಬಟ್ಟೆ?

ಅಮಾವಾಸ್ಯೆಯ ದಿನ ನಡು ಮಧ್ಯಾಹ್ನ. ಒಳಕೋಣೆಗೆ ಕಿಟಕಿಯಿಲ್ಲ, ಒಂದೇ ಬಾಗಿಲು. ಹಿರಿಯರ ಎಲೆ ಮಗ ಹಾಕಿದ, ಆಚೆಯ ಮೂಲೆಯ ಮೂರು ಕಾಕಾ ಹಾಕಿದರು, ನಾಲ್ಕನೆಯದು ನಾನು. ಕುಚ್ಚಲಕ್ಕಿ ಅನ್ನ, ವಡೆ, ಪಾಯಸ ಎಲ್ಲ ಬಡಿಸಿದ ಮೇಲೆ, ಕಾಕಾ ಹೇಳಿದಂತೆ ಸವಿತಾ ಮಾಡಿದ ಚಹಾವನ್ನು ಸ್ಟೀಲ್ ಲೋಟಕ್ಕೆ ಹೊಯ್ದು ನನ್ನ ಎಲೆಯ ಬಲಕ್ಕೆ ಇಟ್ಟೆ. ಬಾಗಿಲು ಎಳೆದು ಚಿಲಕ ಹಾಕಿದವನೂ ನಾನೇ. ನಾಲ್ವರೂ ಅದೇ ಬಾಗಿಲ ಎದುರು ಕೂತೆವು. ಯಾರೂ ಎದ್ದು ಹೋಗಲಿಲ್ಲ. ರಸ್ತೆಯಲ್ಲಿ ಕೈಗಾದ ಕಂಪನಿ ಬಸ್ಸು ಹಾದುಹೋದ ಸದ್ದು ಕೇಳಿತು. ಮುಕ್ಕಾಲು ಗಂಟೆಯಾಗಿರಬೇಕು.

ಕಾಕಾ ಮೂರು ಸಲ ಚಪ್ಪಾಳೆ ತಟ್ಟಿದರು. ಬಾಗಿಲು ತೆಗೆದೆ.

ಎಲೆಗಳು ಹಾಕಿದ ಹಾಗೇ ಇದ್ದವು. ನನ್ನ ಎಲೆಯ ಬಳಿ ಲೋಟದಿಂದ ಹಬೆ ಏಳುತ್ತಿತ್ತು. ಈಗಷ್ಟೇ ಒಲೆಯಿಂದ ಇಳಿಸಿದಂತೆ. ಕಣ್ಣಿನ ಭ್ರಮೆ ಇರಬೇಕೆಂದು ಪಕ್ಕದ ಅನ್ನ ಮುಟ್ಟಿದೆ, ತಣ್ಣಗಿತ್ತು. ಪಾಯಸವೂ ತಣ್ಣಗೆ. ಲೋಟ ಮುಟ್ಟಿದೆ, ಬೆರಳು ಚುರ್ ಅಂದಿತು. ಹಿಂದೆ ನಿಂತಿದ್ದ ಸವಿತಾ “ಅಯ್ಯೋ ದೇವ್ರೇ, ಹಬೆ!” ಅಂದಳು. ಅವಳಿಗೂ ಕಂಡಿತ್ತು, ಅಷ್ಟು ಮಾತ್ರ ನನಗೆ ಆಧಾರ.

ಹಾಕಿದವನೇ ಉಣ್ಣಬೇಕಲ್ಲ. ಪಂಚೆಯ ತುದಿಯಲ್ಲಿ ಲೋಟ ಹಿಡಿದು ಬಾಯಿಗಿಟ್ಟೆ. ಕೆಳತುಟಿ ಸುಟ್ಟು ಬೊಬ್ಬೆ ಬಂತು. ಎರಡು ದಿನ ಊಟ ಮಾಡುವಾಗ ಉರಿಯುತ್ತಿತ್ತು, ಹೆಂಡತಿಗೆ ಅವಸರದಲ್ಲಿ ಕುಡಿದೆ ಅಂದೆ.

ಕಾಕಾ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. “ಮುಟ್ಲಿಲ್ಲ ಅವ. ಕಾಯ್ತಾ ಇದ್ದಾನೆ” ಅಂದರು.

“ಯಾರಿಗೆ ಕಾಕಾ?”

ಅವರು ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಮುಂದಿನ ಮಳೆಗಾಲಕ್ಕೆ ಮೊದಲೇ ಕಾಕಾ ತೀರಿಕೊಂಡರು. ಕೊನೆಯ ದಿನಗಳಲ್ಲಿ ಎರಡು ಮೂರು ಸಲ, ಮಾಸ್ತರ್ರು ಬಂದಿಲ್ಲವೇ ಎಂದು ಕೇಳಿದ್ದರಂತೆ. ನಾನು ಹೋಗಿರಲಿಲ್ಲ. ಪರೀಕ್ಷೆ, ಪೇಪರು ಎಂದು ನೆಪ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಮುಖ ನೋಡುವ ಧೈರ್ಯವಿರಲಿಲ್ಲ. ಅವರಿಗೆ ನನ್ನಿಂದ ಏನು ಬೇಕಿತ್ತೋ, ಅದನ್ನು ಇನ್ನು ಯಾರನ್ನು ಕೇಳಲಿ?

ಮುಂದಿನ ಮಹಾಲಯಕ್ಕೆ ಯಾರೂ ಕರೆಯದೆ ಹೋದೆ. ಕಾಕಾ ಅವರ ಎಲೆ ಮಗ ಹಾಕಿದ. ಮೂಲೆಯ ನಾಲ್ಕೂ ಎಲೆ ನಾನು ಹಾಕಿದೆ. ನಾಲ್ಕನೆಯ ಎಲೆಯ ಬಳಿ ಈ ಸಲ ಎರಡು ಲೋಟ ಚಹಾ ಇಟ್ಟೆ, ಒಂದು ಅವನಿಗೆ, ಒಂದು ಕಾಕಾ ಅವರಿಗೆ. ಏಕೆ ಹಾಗೆ ತೋಚಿತೋ ತಿಳಿಯದು. ಚಪ್ಪಾಳೆ ತಟ್ಟಿ ಬಾಗಿಲು ತೆಗೆದಾಗ ಎರಡೂ ತಣ್ಣಗಾಗಿದ್ದವು, ಮೇಲೆ ಕೆನೆ ಕಟ್ಟಿತ್ತು.

“ಮಾವ ಜೊತೀಗೆ ಕೂತ್ರು ಕಾಣ್ತದೆ” ಎಂದು ಸವಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಎರಡೂ ಲೋಟ ಎತ್ತಿ ಕುಡಿದೆ.

ಮುಕ್ಕಾಲು ಗಂಟೆಯಲ್ಲಿ ಚಹಾ ಆರುವುದರಲ್ಲಿ ವಿಶೇಷವೇನಿಲ್ಲ, ನಾನೇ ಮಕ್ಕಳಿಗೆ ಕಲಿಸುವ ಪಾಠ. ಅದರ ಹಿಂದಿನ ವರ್ಷ ಏಕೆ ಆರಲಿಲ್ಲ ಎಂಬುದಕ್ಕೆ ಮಾತ್ರ ನನ್ನ ಯಾವ ಪಾಠದಲ್ಲೂ ಉತ್ತರವಿಲ್ಲ. ಆಮೇಲೆ ನಾನು ಕಾದಂಬರಿ ಬರೆಯಲಿಲ್ಲ. ಮುಗಿಯಿತು, ಅವರಿಬ್ಬರೂ ನೆಮ್ಮದಿಯಾಗಿದ್ದಾರೆ ಎಂದುಕೊಂಡು ಇಷ್ಟು ವರ್ಷ ಕಳೆದೆ.

ಆದರೆ ದತ್ತಾ ಕಾಕಾ ನನ್ನಲ್ಲಿ ಕೇಳಿಕೊಂಡದ್ದು ಒಂದೇ ಒಂದು, ಎಲೆಯ ವಿಷಯ ಬರೆಯಬೇಡಿ ಎಂದು. ಒಮ್ಮೆ ಬರೆದು ಅವರನ್ನು ಉಪವಾಸ ಕೆಡವಿದೆ. ಇಗೋ, ತಪ್ಪೊಪ್ಪಿಗೆಯ ನೆಪದಲ್ಲಿ ಇಂದು ಎರಡನೆಯ ಸಲ ಬರೆದಿದ್ದೇನೆ. ಮಧ್ಯಾಹ್ನ ಬರೆಯಲು ಕೂತಾಗ ಹೆಂಡತಿ ಒಂದು ಲೋಟ ಚಹಾ ಪಕ್ಕದಲ್ಲಿಟ್ಟು ಹೋಗಿದ್ದಳು. ಈಗ ಕಟ್ಟೆಯ ಮೇಲೆ ಬಿಸಿಲು ಇಳಿಯುತ್ತಿದೆ. ಅವಳು ಮುಚ್ಚಿಟ್ಟ ತಟ್ಟೆ ಲೋಟದ ಮೇಲೆ ಹಾಗೇ ಇದೆ. ತಟ್ಟೆ ತೆಗೆದು ನೋಡಲು ನನಗೆ ಧೈರ್ಯ ಬರುತ್ತಿಲ್ಲ.